ಆಫ್‌ರೋಡ್ ಬೈಕಿಗೆ ಹೊಸ ಫುಟ್‌ಪೆಗ್: ದುಡ್ಡು ಕೊಡುವ ಮುಂಚೆ ಅಳತೆ ತೆಗೆಯಿರಿ

ಹೋದ ಮಳೆಗಾಲದಲ್ಲಿ ಸಕಲೇಶಪುರದ ಹತ್ತಿರ ಭಾವನ ಕಾಫಿ ತೋಟಕ್ಕೆ ಹೋಗುವ ಏರಿನಲ್ಲಿ ನನ್ನ ಬಲಗಾಲು ಫುಟ್‌ಪೆಗ್ (ಸವಾರ ಕಾಲೂರುವ ಕಂಬಿ) ಮೇಲಿಂದ ಜಾರಿತು. ಅಂಥ ದೊಡ್ಡ ಏರೇನಲ್ಲ, ಪಿಕಪ್ ಗಾಡಿ ದಿನಾ ಓಡಾಡುವ ದಾರಿ. ಎರಡನೇ ಗೇರಿನಲ್ಲಿ ನಿಂತುಕೊಂಡು ಹತ್ತುತ್ತಿದ್ದೆ, ಮುಂದಿನ ಚಕ್ರ ಒಂದು ಸಿಲ್ವರ್ ಮರದ ಬೇರು ಹತ್ತಿ ಇಳಿಯಿತು, ಅಷ್ಟೇ. ಪೆಗ್ ಮೇಲೆ ರಬ್ಬರ್ ಇತ್ತು, ರಬ್ಬರಿನ ಮೇಲೆ ಕೆಸರು ಮೆತ್ತಿತ್ತು, ಕೆಸರಿನ ಮೇಲೆ ನನ್ನ ಗಂಬೂಟು. ಕಾಲು ಕೆಳಗೆ ಹೋಯಿತು, ಪೆಗ್ ಕಣಕಾಲಿಗೆ ಬಡಿಯಿತು, ಗಾಡಿ ಪಕ್ಕದ ಚರಂಡಿ ಸೇರಿತು.

ರಾತ್ರಿ ಕಾಲಿಗೆ ಐಸ್ ಇಟ್ಟುಕೊಂಡು ಮೊಬೈಲಿನಲ್ಲಿ ಹುಡುಕಿ, ನೋಡೋಕೆ ಚೆನ್ನಾಗಿದ್ದ ಒಂದು ಜೋಡಿ ಆರ್ಡರ್ ಮಾಡಿದೆ. ಅದು ಮೊದಲ ತಪ್ಪು. ಎರಡನೇ ತಪ್ಪು ಮಾಡೋಕೆ ಇನ್ನೂ ಎರಡು ತಿಂಗಳು ಹಿಡಿಯಿತು. ಈಗ ಮೂರನೇ ಜೋಡಿಯ ಮೇಲೆ ನಿಂತಿದ್ದೇನೆ. ಮೊದಲೆರಡು ಜೋಡಿಗೆ ಸುರಿದ ದುಡ್ಡನ್ನು ಸುಮ್ನೆ ಬೂಟಿಗೆ ಹಾಕಿದ್ದರೆ ಚೆನ್ನಾಗಿತ್ತು ಅಂತ ಮನೆಯವರು ಈಗಲೂ ನೆನಪಿಸುತ್ತಾರೆ.

ಎಲ್ಲರ ಹಾಗೆ ನಾನೂ ಮೊದಲು ಬಣ್ಣ ನೋಡಿದೆ, ಆಮೇಲೆ ಯಾವ ಲೋಹ ಅಂತ ನೋಡಿದೆ, ಆಮೇಲೆ ಬೂಟಿಗೆ ಕಚ್ಚುವ ಹಲ್ಲು ಎಷ್ಟು ಚೂಪು ಅಂತ. ಗಾಡಿಗೆ ಸರಿಯಾಗಿ ಕೂರುತ್ತದಾ ಅನ್ನುವುದನ್ನು ನೋಡಿದ್ದು ಪಾರ್ಸಲ್ ಬಿಚ್ಚಿದ ಮೇಲೆ. ಈ ಕ್ರಮ ಪೂರ್ತಿ ಉಲ್ಟಾ ಆಗಬೇಕು. ಮೊದಲು ಪೆಗ್ ಕೂರುವ ಜಾಗ, ಆಮೇಲೆ ನಿಮ್ಮ ಮೊಣಕಾಲು, ಆಮೇಲೆ ನೀವು ಹಾಕುವ ಬೂಟು. ಲೋಹ ಆಮೇಲೆ. ಬಣ್ಣ ನಿಮ್ಮಿಷ್ಟ, ಹೇಗೂ ಒಂದು ತಿಂಗಳಲ್ಲಿ ಬೂಟಿನ ತಿಕ್ಕಾಟಕ್ಕೆ ಹೋಗುತ್ತದೆ.

ಅಂದ ಹಾಗೆ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ "ಎರಡು ಪೆಗ್ ಕೊಡಿ" ಅಂದರೆ ನಗುತ್ತಾರೆ. ಫುಟ್‌ರೆಸ್ಟ್ ಅಂತ ಕೇಳಿ.

ನಮ್ಮ ಗಾಡಿ ಟ್ರೇಲರ್ ಮೇಲೆ ಹೋಗುವುದಿಲ್ಲ

ಪೆಗ್ ಬಗ್ಗೆ ಸಿಗುವ ವಿಡಿಯೋಗಳಲ್ಲಿ ಜಾಸ್ತಿ ಹೊರದೇಶದವು. ಅಲ್ಲಿ ಡರ್ಟ್ ಬೈಕನ್ನು ಪಿಕಪ್ಪಿಗೆ ಹೇರಿಕೊಂಡು ಟ್ರ್ಯಾಕಿಗೆ ಒಯ್ಯುತ್ತಾರೆ, ಎರಡು ಗಂಟೆ ಓಡಿಸಿ ಮತ್ತೆ ಹೇರಿಕೊಂಡು ಬರುತ್ತಾರೆ. ನಾವು ಬೆಳಗ್ಗೆ ನಾಲ್ಕಕ್ಕೆ ಎದ್ದು ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ. ಹೆದ್ದಾರಿಯಲ್ಲಿ ಬಂದು, ಮೂವತ್ತು ಕಿಲೋಮೀಟರ್ ಕೆಸರಿನಲ್ಲಿ ಆಡಿ, ಮತ್ತೆ ಅದೇ 220 ಕಿ.ಮೀ. ವಾಪಸ್ ಓಡಿಸಿ, ಸೋಮವಾರ ಅದೇ ಗಾಡಿಯಲ್ಲಿ ಆಫೀಸಿಗೆ ಹೋಗುತ್ತೇವೆ. ಸಂಜೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹಾಲು ತರೋಕೂ ಅದೇ ಗಾಡಿ.

ಎಕ್ಸ್‌ಪಲ್ಸ್, ಹಿಮಾಲಯನ್, 390 ಅಡ್ವೆಂಚರ್, ಯೆಜ್ದಿ ಅಡ್ವೆಂಚರ್, ಯಾವುದೇ ತೆಗೆದುಕೊಳ್ಳಿ, ಎಲ್ಲರ ಕತೆಯೂ ಹೆಚ್ಚುಕಮ್ಮಿ ಇದೇ. ಹಾಗಾಗಿ "ಅತಿ ಚೂಪು ಹಲ್ಲಿನ ರೇಸಿಂಗ್ ಪೆಗ್" ನಿಮಗೆ ಬೇಕಾ ಅಂತ ಮೊದಲು ಕೇಳಿಕೊಳ್ಳಿ. ನಿಮ್ಮ ತಿಂಗಳ ಓಡಾಟದಲ್ಲಿ ಎಷ್ಟು ಭಾಗ ನಿಂತು ಓಡಿಸುತ್ತೀರಿ, ಎಷ್ಟು ಭಾಗ ಕೂತು? ನನ್ನದು ಹತ್ತರಲ್ಲಿ ಒಂದು ಭಾಗ ನಿಂತು. ಆ ಒಂದು ಭಾಗದಲ್ಲಿ ಪೆಗ್ ಕೈಕೊಡಬಾರದು, ಉಳಿದ ಒಂಬತ್ತು ಭಾಗದಲ್ಲಿ ಅದು ಕಾಟ ಕೊಡಬಾರದು. ಎರಡೂ ಬೇಕು.

ಕೂರುವ ಜಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ದುಡ್ಡು ಹಾಳಾಗುವುದು ಇಲ್ಲೇ.

ಹಳೆಯ ಪೆಗ್ಗನ್ನು ಒಂದು ಸಲ ಕೈಯಲ್ಲಿ ಹಿಡಿದು ಮಡಚಿ ನೋಡಿ. ಫ್ರೇಮಿಗೆ ಬೋಲ್ಟ್ ಆದ ಒಂದು ಬ್ರಾಕೆಟ್, ಅದರಲ್ಲಿ ಎರಡು ಕಿವಿ, ಆ ಎರಡು ಕಿವಿಗಳ ನಡುವೆ ಪೆಗ್ಗಿನ ಬುಡ. ಮೂರನ್ನೂ ಸೇರಿಸಿ ತೂರಿದ ಒಂದು ಪಿನ್. ಅದು ಕಳಚದ ಹಾಗೆ ತುದಿಗೆ ಸ್ಪ್ಲಿಟ್ ಪಿನ್ (ತೂರಿಸಿ ಬಗ್ಗಿಸುವ ತಂತಿ) ಅಥವಾ ಕ್ಲಿಪ್. ಮಡಚಿದ್ದು ವಾಪಸ್ ಕೆಳಗೆ ಬರಲಿ ಅಂತ ಒಂದು ಸ್ಪ್ರಿಂಗ್. ಮುಖ್ಯವಾದದ್ದು ಕಣ್ಣಿಗೆ ಬೀಳುವುದೇ ಇಲ್ಲ: ಪೆಗ್ ಕೆಳಗೆ ಬಂದು ನಿಲ್ಲುವಾಗ ಅದರ ಬುಡ ಬ್ರಾಕೆಟ್ಟಿಗೆ ತಾಗುವ ಒಂದು ಚಪ್ಪಟೆ ಜಾಗ ಇರುತ್ತದೆ. ಅದನ್ನು ತಡೆ ಅನ್ನೋಣ.

ನನ್ನ ಮೊದಲ ಜೋಡಿ ಕಿತ್ತಳೆ ಬಣ್ಣದ ಅಲ್ಯೂಮಿನಿಯಂ ಪೆಗ್. "ಎಲ್ಲ ಗಾಡಿಗೂ ಆಗುತ್ತೆ" ಅಂತ ಬರೆದಿತ್ತು, ಜೊತೆಗೆ ಒಂದು ಹಿಡಿ ವಾಷರ್ ಕಳಿಸಿದ್ದರು. ನನ್ನ ಪಿನ್ನು 8 ಮಿ.ಮೀ., ಪೆಗ್ಗಿನ ತೂತು 10 ಮಿ.ಮೀ. ಹಾಕಿದೆ. ಹಾಕಿದ ಕೂಡಲೇ ಗಟ್ಟಿ ಅನ್ನಿಸಿತು, ಯಾಕೆಂದರೆ ವಾಷರ್ ಬಿಗಿಯಾಗಿತ್ತು. ಒಂದೇ ವಾರದಲ್ಲಿ ಎರಡೂ ಪೆಗ್ ಹಳೇ ಎತ್ತಿನ ಕಿವಿಯ ಹಾಗೆ ಕೆಳಗೆ ಜೋತುಬಿದ್ದವು.

ಮನೆ ಹತ್ತಿರದ ಲೇತ್ ಶಾಪಿಗೆ ಒಯ್ದೆ. ಅಲ್ಲಿಯ ಹಿರಿಯರು ಕನ್ನಡಕ ಹಣೆಗೆ ಏರಿಸಿ, ಪೆಗ್ಗನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದರು, ಟಕ್ ಟಕ್ ಅಂತ ಸದ್ದು ಬಂತು. "ನೀವೆಲ್ಲ ಪಿನ್ನೊಂದೇ ಭಾರ ಹೊರುತ್ತೆ ಅಂದ್ಕೊಂಡಿದೀರಾ. ಪಿನ್ನು ಬಾಗಿಲ ಕೀಲಿದ್ದ ಹಾಗೆ ಸ್ವಾಮಿ. ಪೆಗ್ ಕೆಳಗೆ ಬೀಳದ ಹಾಗೆ ಹಿಡಿಯೋದು ಇಲ್ಲಿ" ಅಂತ ತಡೆಯ ಮೇಲೆ ಉಗುರಿನಿಂದ ಗೀಚಿ ತೋರಿಸಿದರು. ಅಲ್ಲಿ ಪೆಗ್ ಬ್ರಾಕೆಟ್ಟಿಗೆ ತಾಗುತ್ತಿದ್ದದ್ದು ಒಂದು ಮೂಲೆಯಲ್ಲಿ ಮಾತ್ರ, ಬೆಂಕಿಕಡ್ಡಿ ತಲೆಯಷ್ಟು ಜಾಗ. ಆ ಮೂಲೆ ಆಗಲೇ ಜಜ್ಜಿಹೋಗಿ ಹೊಳೆಯುತ್ತಿತ್ತು.

ಲೆಕ್ಕ ಹಾಕಿದರೆ ಅರ್ಥವಾಗುತ್ತದೆ. ಪಿನ್ನಿನಿಂದ ತಡೆಗೆ 15 ಮಿ.ಮೀ. ದೂರ, ಪೆಗ್ಗಿನ ತುದಿಗೆ 85 ಮಿ.ಮೀ. ದೂರ ಅಂತ ಇಟ್ಟುಕೊಳ್ಳಿ. ತಡೆಯಲ್ಲಿ ಒಂದೇ ಒಂದು ಮಿಲಿಮೀಟರ್ ಸವೆದರೆ ತುದಿ ಐದೂವರೆ ಮಿಲಿಮೀಟರಿಗಿಂತ ಜಾಸ್ತಿ ಕೆಳಗೆ ಇಳಿಯುತ್ತದೆ. ಹೊರಕ್ಕೆ ಇಳಿಜಾರಾದ ಪೆಗ್ ಮೇಲೆ ಎಷ್ಟೇ ಚೂಪು ಹಲ್ಲಿದ್ದರೂ ಬೂಟು ಹೊರಗೇ ಜಾರುತ್ತದೆ, ಅದನ್ನು ತಡೆಯೋಕೆ ನೀವು ಗೊತ್ತಿಲ್ಲದೇ ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯುತ್ತೀರಿ, ಸಂಜೆ ತೊಡೆ ನೋವು.

ಅವರು ತೂತನ್ನು ಅಗಲ ಮಾಡಿ ಒಳಗೆ ಗನ್‌ಮೆಟಲ್ ಬುಷ್, ಅಂದರೆ ಒಂದು ಸಣ್ಣ ಕೊಳವೆ, ಕೂರಿಸಿದರು. ಅಲ್ಲಾಟ ನಿಂತಿತು. ಆದರೆ ತಡೆಯ ಮೇಲೆ ವೆಲ್ಡಿಂಗ್ ಹಾಕಿ ಅರದಿಂದ ಉಜ್ಜಿ ಎತ್ತರ ಸರಿಮಾಡಿ ಅಂದಾಗ ತಲೆ ಅಲ್ಲಾಡಿಸಿದರು. ಕಬ್ಬಿಣ ಆಗಿದ್ದರೆ ಹತ್ತು ನಿಮಿಷದ ಕೆಲಸ, ಅಲ್ಯೂಮಿನಿಯಂಗೆ ತಮ್ಮ ಮೆಷೀನಿನಲ್ಲಿ ಆಗುವುದಿಲ್ಲ ಅಂದರು. ಜೋತುಬಿದ್ದ ಪೆಗ್ ಜೋತುಬಿದ್ದೇ ಉಳಿಯಿತು. ಈಗ ಅದು ನಮ್ಮ ಮನೆಯ ಗೇಟಿಗೆ ತಡೆಗಲ್ಲು.

ಹಾಗಾಗಿ ಆರ್ಡರ್ ಮಾಡುವ ಮುಂಚೆ ಹಳೆಯ ಪೆಗ್ ಬಿಚ್ಚಿ, ವರ್ನಿಯರ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಸ್ಟೀಲ್ ಸ್ಕೇಲಿನಲ್ಲಿ ನಾಲ್ಕು ಅಳತೆ ತೆಗೆಯಿರಿ: ಪಿನ್ನಿನ ದಪ್ಪ, ಎರಡು ಕಿವಿಗಳ ನಡುವಿನ ಜಾಗ, ಪಿನ್ನಿನ ತೂತಿನಿಂದ ತಡೆಗೆ ಇರುವ ದೂರ, ಪಿನ್ನಿನಿಂದ ಪೆಗ್ಗಿನ ಮೇಲ್ಮೈಗೆ ಇರುವ ಎತ್ತರ. ಇದನ್ನು ಮಾರುವವರಿಗೆ ಕಳಿಸಿ ಕೇಳಿ. ಅವರಿಗೆ ತಮ್ಮ ಪೆಗ್ಗಿನ ಅಳತೆ ಗೊತ್ತಿದ್ದರೆ ಒಳ್ಳೆಯ ಲಕ್ಷಣ. "ಹಾಕಿ ನೋಡಿ ಸಾರ್, ಆಗುತ್ತೆ" ಅಂದರೆ ಅಲ್ಲಿಗೆ ಬಿಟ್ಟುಬಿಡಿ.

ಗಾಡಿಯ ಹೆಸರು ಹೇಳಿದರೆ ಸಾಲದು, ಮಾಡೆಲ್ಲೂ ಹೇಳಿ. 2016ರಲ್ಲಿ ಬಂದ ಹಿಮಾಲಯನ್ 411ಕ್ಕೂ 2023ರ ಕೊನೆಗೆ ಬಂದ 450ಕ್ಕೂ ಹೆಸರು ಒಂದೇ, ಫ್ರೇಮ್ ಪೂರ್ತಿ ಬೇರೆ. ಹೊಸ ಪೆಗ್ ಕಂಪನಿಯ ಬ್ರಾಕೆಟ್ಟಿನಲ್ಲೇ ಕೂರುತ್ತದಾ, ಇಲ್ಲಾ ಬ್ರಾಕೆಟ್ಟನ್ನೂ ಬದಲಾಯಿಸಬೇಕಾ ಅನ್ನುವುದನ್ನೂ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಬ್ರಾಕೆಟ್ ಮುಟ್ಟದೇ ಕೂರುವ ಪೆಗ್ಗೇ ವಾಸಿ. ನಡುವೆ ಅಡಾಪ್ಟರ್ ಬಂದರೆ ಸಡಿಲ ಆಗುವ ಜಾಗ ಒಂದು ಜಾಸ್ತಿ ಆದಂತೆ.

ಇನ್ನೊಂದು, ಪೆಗ್ ಮಡಚಲೇಬೇಕು. ಗಾಡಿ ಬಿದ್ದಾಗ, ಅಥವಾ ಇಕ್ಕಟ್ಟು ದಾರಿಯಲ್ಲಿ ಕಲ್ಲಿಗೆ ತಾಗಿದಾಗ ಅದು ಮೇಲಕ್ಕೆ ಹಿಂದಕ್ಕೆ ಮಡಚಿಕೊಂಡು, ಬಿಟ್ಟ ಕೂಡಲೇ ತಾನಾಗಿ ವಾಪಸ್ ಬರಬೇಕು. ಮಡಚದ ಪೆಗ್ಗಿಗೆ ಏಟು ಬಿದ್ದರೆ ಅದು ನೇರ ಬ್ರಾಕೆಟ್ಟಿಗೆ, ಅಲ್ಲಿಂದ ಫ್ರೇಮಿಗೆ ಹೋಗುತ್ತದೆ. ಪೆಗ್ ಬಾಗಿದರೆ ಸಾವಿರಗಳಲ್ಲಿ ಮುಗಿಯುತ್ತದೆ, ಫ್ರೇಮಿನ ಲೆಕ್ಕವೇ ಬೇರೆ.

ನಿಮ್ಮ ಮೊಣಕಾಲು

ಹೊರಗೆ ಸಿಗುವ ಪೆಗ್ಗುಗಳಲ್ಲಿ ಕೆಲವು ಕಂಪನಿ ಎತ್ತರದಲ್ಲೇ ಇರುತ್ತವೆ, ಕೆಲವು 10ರಿಂದ 20 ಮಿ.ಮೀ. ಕೆಳಗೆ, ಕೆಲವು ಸ್ವಲ್ಪ ಹಿಂದಕ್ಕೂ. ಕೆಲವದರಲ್ಲಿ ಎರಡು ತೂತು ಕೊಟ್ಟು ನೀವೇ ಆರಿಸಿಕೊಳ್ಳಿ ಅನ್ನುತ್ತಾರೆ.

ನೀವು ಐದಡಿ ಹತ್ತಂಗುಲಕ್ಕಿಂತ ಎತ್ತರ ಇದ್ದು, ನಿಂತಾಗ ಹ್ಯಾಂಡಲ್ ತೀರಾ ಕೆಳಗೆ ಇದೆ ಅನ್ನಿಸುತ್ತಿದ್ದರೆ, ಹ್ಯಾಂಡಲ್ ಎತ್ತರಿಸುವ ರೈಸರ್ ಕೊಳ್ಳುವ ಮುಂಚೆ ಪೆಗ್ ಕಡೆ ನೋಡಿ. ಪೆಗ್ 15 ಮಿ.ಮೀ. ಇಳಿದರೆ ನಿಂತಾಗ ಹ್ಯಾಂಡಲ್ ಅಷ್ಟೇ ಎತ್ತರ ಬಂದ ಹಾಗೆ, ಜೊತೆಗೆ ಕೂತಾಗ ಮೊಣಕಾಲು ಮಡಚುವುದೂ ಕಮ್ಮಿಯಾಗುತ್ತದೆ. ಕೇಬಲ್ ಎಳೆಯುವ, ವೈರ್ ಸಾಲದೇ ಹೋಗುವ ತಲೆನೋವು ಇಲ್ಲ. ನಾನು ಐದಡಿ ಆರಂಗುಲ, ನನಗೆ ಇದು ಬೇಕಿರಲಿಲ್ಲ. ಆದರೂ ಎರಡನೇ ಜೋಡಿ ತೆಗೆದುಕೊಳ್ಳುವಾಗ ಯಾರೋ ಹೇಳಿದರು ಅಂತ 20 ಮಿ.ಮೀ. ಇಳಿದದ್ದನ್ನೇ ತೆಗೆದುಕೊಂಡೆ. ನಿಂತರೆ ಹ್ಯಾಂಡಲ್ ಎದೆಗೆ ಬಂದಂತೆ, ಬಸ್ಸಿನ ಸ್ಟೀರಿಂಗ್ ಹಿಡಿದ ಹಾಗೆ ಆಗುತ್ತಿತ್ತು.

ಇಳಿಸಿದ್ದಕ್ಕೆ ಬೆಲೆ ನೆಲದ ಹತ್ತಿರ ತೆರಬೇಕು. ಎಕ್ಸ್‌ಪಲ್ಸ್ 200 ಮತ್ತು ಹಿಮಾಲಯನ್ 411 ಎರಡರದ್ದೂ ಗ್ರೌಂಡ್ ಕ್ಲಿಯರೆನ್ಸ್ 220 ಮಿ.ಮೀ. ಆದರೆ ಆ ಅಳತೆ ಇಂಜಿನ್ ಕೆಳಗಿನದು. ಟ್ರಾಕ್ಟರ್ ಚಕ್ರ ಕೊರೆದ ಹಳ್ಳದಲ್ಲಿ ಹೋಗುವಾಗ ಎರಡೂ ಕಡೆಯ ಮಣ್ಣಿನ ಗೋಡೆಗೆ ಮೊದಲು ತಾಗುವುದು ಪೆಗ್ ಮತ್ತು ನಿಮ್ಮ ಬೂಟಿನ ತುದಿ. ಪೆಗ್ ಎಷ್ಟು ಇಳಿಯಿತೋ, ಹೊರಗೆ ಎಷ್ಟು ಚಾಚಿತೋ, ಅಷ್ಟು ಬೇಗ ತಾಗುತ್ತದೆ. ತಾಗಿದ ಪೆಗ್ ಮಡಚಿಕೊಂಡರೆ ನಿಮ್ಮ ಕಾಲು ಅದರ ಜೊತೆ ಹಿಂದಕ್ಕೆ ಹೋಗುತ್ತದೆ, ಮೊಣಕಾಲು ತಿರುಚುವುದು ಹೀಗೆಯೇ. ನಿಮ್ಮ ಓಡಾಟದಲ್ಲಿ ಇಂಥ ಹಳ್ಳ ಜಾಸ್ತಿ ಇದ್ದರೆ ಇಳಿಸಬೇಡಿ.

ಎತ್ತರ ಅಳೆಯೋಕೆ ಸುಲಭ ಉಪಾಯ ಇದೆ. ಸ್ನೇಹಿತರೊಬ್ಬರಿಗೆ ಗಾಡಿ ನೆಟ್ಟಗೆ ಹಿಡಿಯೋಕೆ ಹೇಳಿ, ಬೂಟು ಹಾಕಿಕೊಂಡು ಪೆಗ್ ಮೇಲೆ ನಿಲ್ಲಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಕಣ್ಣು ಮುಚ್ಚಿ ಕೈ ಮುಂದೆ ಚಾಚಿ. ಕೈ ತಾನಾಗಿ ಎಲ್ಲಿಗೆ ಬಂತೋ ಅಲ್ಲಿಂದ ಗ್ರಿಪ್ ಎಷ್ಟು ಕೆಳಗೆ ಇದೆ ಅಂತ ನೋಡಿ. ಎರಡು ಬೆರಳಿನಷ್ಟು ಇದ್ದರೆ ಪೆಗ್ ಇಳಿಸಿದರೆ ಸಾಕು. ಒಂದು ಗೇಣು ಇದ್ದರೆ ಪೆಗ್ಗಿನಿಂದ ಆಗುವ ಕೆಲಸ ಅಲ್ಲ. ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಇದನ್ನು ಮಾಡಬೇಡಿ, ಸ್ಟ್ಯಾಂಡ್ ಬಾಗುತ್ತದೆ.

ಅಗಲ, ಹಲ್ಲು, ಬೂಟು

ಅಗಲ ಅಂದರೆ ಮುಂದಿನಿಂದ ಹಿಂದಕ್ಕೆ ಇರುವ ಅಳತೆ, ಉದ್ದ ಅಂದರೆ ಫ್ರೇಮಿನಿಂದ ಹೊರಕ್ಕೆ. ಮಾರುವವರು ಇವೆರಡನ್ನೂ ಅದಲುಬದಲು ಮಾಡಿ ಬರೆಯುತ್ತಾರೆ, ಎಚ್ಚರ. ನನ್ನ ಹಳೆಯ ಪೆಗ್ 42 ಮಿ.ಮೀ. ಅಗಲ ಇತ್ತು. ಹೊರಗೆ ಸಿಗುವವು 50ರಿಂದ 60ರವರೆಗೆ ಇರುತ್ತವೆ, 57 ಅನ್ನುವ ಅಂಕಿ ಪದೇ ಪದೇ ಕಾಣುತ್ತದೆ. 42 ರಿಂದ 57ಕ್ಕೆ ಹೋದರೆ ಕಾಲೂರುವ ಜಾಗ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆಗುತ್ತದೆ. ನಿಂತು ಓಡಿಸುವಾಗ ನಿಮ್ಮ ಪೂರ್ತಿ ಭಾರ ಎರಡು ಪಟ್ಟಿಗಳ ಮೇಲೆ ಇರುವುದರಿಂದ ಅರ್ಧ ಗಂಟೆಯಲ್ಲೇ ಅಂಗಾಲಿಗೆ ವ್ಯತ್ಯಾಸ ಗೊತ್ತಾಗುತ್ತದೆ. 60 ದಾಟಿದರೆ ಬೇರೆ ರಗಳೆ ಶುರು: ಬೂಟಿನ ಮುಂಭಾಗ ಗೇರ್ ಲಿವರಿನ ಕೆಳಗೆ ತೂರುವ ಜಾಗ ಕಮ್ಮಿಯಾಗುತ್ತದೆ, ಕಿಕ್ಕರ್ ಇದ್ದರೆ ಅದು ತಾಗುತ್ತದೆ, ಸೈಡ್ ಸ್ಟ್ಯಾಂಡ್ ಒದೆಯೋಕೆ ಕಾಲಿಗೆ ದಾರಿ ಇರುವುದಿಲ್ಲ, ಸಿಗ್ನಲ್ಲಿನಲ್ಲಿ ಕಾಲು ಕೆಳಗಿಟ್ಟಾಗ ಮೀನಖಂಡಕ್ಕೆ ಗೀರುತ್ತದೆ.

ಈ ಮೀನಖಂಡದ ವಿಷಯ ಸಣ್ಣದಲ್ಲ. ಎರಡನೇ ಜೋಡಿ ಗರಗಸದ ಹಾಗಿತ್ತು. ಕೆಸರಿನಲ್ಲಿ ಅದ್ಭುತ, ಕಾಲು ಅಂಟಿಸಿದ ಹಾಗೆ ನಿಲ್ಲುತ್ತಿತ್ತು. ಆದರೆ ಎರಡು ಸಲ ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಗಂಬೂಟಿನ ತಳ ಕೊಬ್ಬರಿ ತುರಿದ ಹಾಗೆ ಆಗಿತ್ತು. ಹೌದು, ಗಂಬೂಟು ಹಾಕಿ ಆಫ್‌ರೋಡ್ ಓಡಿಸಬಾರದು, ಗೊತ್ತು, ಆದರೆ ಮಲೆನಾಡಿನಲ್ಲಿ ಮಳೆಗಾಲಕ್ಕೆ ಎಲ್ಲರ ಕಾಲಲ್ಲೂ ಅದೇ ಇರುತ್ತದೆ, ಸುಳ್ಳು ಹೇಳಿ ಏನು ಪ್ರಯೋಜನ. ಆಮೇಲೊಂದು ದಿನ ಚಪ್ಪಲಿಯಲ್ಲಿ ಹಾಲು ತರೋಕೆ ಹೋದವನು ಗಾಡಿ ಹಿಂದಕ್ಕೆ ತಳ್ಳುವಾಗ ಮೂರು ಗೀರು ಹಾಕಿಸಿಕೊಂಡು ಟಿಟಿ ಚುಚ್ಚಿಸಿಕೊಂಡು ಬಂದೆ.

ಚೂಪು ಹಲ್ಲಿನ ಪೆಗ್ ಕೆಲಸ ಮಾಡುವುದು ಗಟ್ಟಿ ತಳದ ಬೂಟಿನ ಜೊತೆ. ಮೋಟೋಕ್ರಾಸ್ ಬೂಟಿನ ತಳದೊಳಗೆ ಬಾಗದ ಪಟ್ಟಿ ಇರುತ್ತದೆ, ಭಾರ ಪೂರ್ತಿ ತಳಕ್ಕೆ ಹಂಚಿಹೋಗುತ್ತದೆ. ಸಾದಾ ಶೂ ಅಥವಾ ಟ್ರೆಕ್ಕಿಂಗ್ ಶೂ ಹಾಕುವವರಿಗೆ ಹಲ್ಲಿನ ಚೂಪಿಗಿಂತ ಅಗಲ ಮುಖ್ಯ. ಹಲ್ಲು 3 ಮಿ.ಮೀ. ಎತ್ತರ ಇದ್ದು ತುದಿ ಸ್ವಲ್ಪ ಮೊಂಡಾಗಿದ್ದರೆ ಸಾಕು. ಕೈಯಲ್ಲಿ ಹಿಡಿದು ನೋಡುವ ಅವಕಾಶ ಇದ್ದರೆ ಶೂ ತಳವನ್ನು ಪೆಗ್ ಮೇಲೆ ಒತ್ತಿ ಹಿಡಿದು ತಿರುಗಿಸಿ. ಪಕ್ಕಕ್ಕೆ ಜಾರಬಾರದು, ಆದರೆ ಹಿಮ್ಮಡಿ ತಿರುಗಿಸಿದರೆ ಸ್ವಲ್ಪ ತಿರುಗಬೇಕು. ತಿರುವಿನಲ್ಲಿ ಪಾದ ಸರಿಸೋಕೆ, ಬ್ರೇಕಿಗೆ ತುದಿ ಎತ್ತೋಕೆ ಆ ಸಡಿಲ ಬೇಕು.

ಹಲ್ಲನ್ನೇ ಸ್ಕ್ರೂ ಮಾಡಿ ಬದಲಾಯಿಸುವ ಪೆಗ್ಗೂ ಬರುತ್ತವೆ. ಒಳ್ಳೆಯ ಐಡಿಯಾ, ಸವೆದದ್ದನ್ನು ಬಿಚ್ಚಿ ಹೊಸದು ಹಾಕಬಹುದು, ಊರಿನ ಓಡಾಟಕ್ಕೆ ಮೊಂಡು ಹಾಕಿಕೊಳ್ಳಬಹುದು. ಆದರೆ ಸ್ಕ್ರೂ ಬಿಗಿಯುವಾಗ ಥ್ರೆಡ್ ಲಾಕ್ ಅಂಟು ಹಾಕದಿದ್ದರೆ ದಾರಿಯುದ್ದಕ್ಕೂ ಒಂದೊಂದೇ ಉದುರಿಸಿಕೊಂಡು ಹೋಗುತ್ತೀರಿ.

ಪೆಗ್ಗಿನ ಮಧ್ಯ ಖಾಲಿ ಇರಬೇಕು. ಕೆಳಗೆ ತಟ್ಟೆಯ ಹಾಗೆ ಮುಚ್ಚಿದ್ದರೆ ಮಲೆನಾಡಿನ ಜಿಗುಟು ಮಣ್ಣು ಅಲ್ಲೇ ಕೂತು ಹಲ್ಲಿನ ಮಟ್ಟಕ್ಕೆ ತುಂಬಿಕೊಳ್ಳುತ್ತದೆ, ಆಮೇಲೆ ಹಲ್ಲು ಇದ್ದೂ ಇಲ್ಲದಂತೆ. ಬೂಟಿನಿಂದ ಒತ್ತಿದ ಮಣ್ಣು ಕೆಳಗಿನಿಂದ ಉದುರಿಹೋಗುವ ಹಾಗೆ ದೊಡ್ಡ ಸಂದು ಇರಬೇಕು. ಪಿನ್ನಿನ ಹತ್ತಿರವೂ ಹಾಗೆಯೇ. ಅಲ್ಲಿ ಮಣ್ಣು ತುಂಬಿದರೆ ಮಡಚಿದ ಪೆಗ್ ವಾಪಸ್ ಬರುವುದಿಲ್ಲ, ನೀವು ಇದೆ ಅಂತ ಕಾಲಿಡುತ್ತೀರಿ, ಅಲ್ಲಿ ಏನೂ ಇರುವುದಿಲ್ಲ.

ಹೆದ್ದಾರಿಯ ನಡುಕಕ್ಕೂ ಒಂದು ಮಾತು. ಕಂಪನಿಯವರು ರಬ್ಬರ್ ಸುಮ್ನೆ ಹಾಕಿರುವುದಿಲ್ಲ. ಒಂದೇ ಸಿಲಿಂಡರಿನ ಗಾಡಿಯಲ್ಲಿ ಇಂಜಿನ್ ನಡುಕ ನೇರ ಪೆಗ್ಗಿಗೆ ಬರುತ್ತದೆ. ರಬ್ಬರಿಲ್ಲದ ಪೆಗ್ ಹಾಕಿದ ಮೇಲೆ ಹಾಸನ ಬರುವಷ್ಟರಲ್ಲಿ ನನ್ನ ಬೆರಳು ಜೋಮು ಹಿಡಿಯುತ್ತಿತ್ತು. ಈಗಿರುವ ಮೂರನೇ ಜೋಡಿಗೆ ಮಧ್ಯದಲ್ಲಿ ಒತ್ತಿ ಕೂರಿಸುವ ರಬ್ಬರ್ ಇದೆ. ಕೂತು ಓಡಿಸುವಾಗ ಪಾದ ರಬ್ಬರಿನ ಮೇಲೆ, ನಿಂತರೆ ಭಾರಕ್ಕೆ ರಬ್ಬರ್ ಕುಗ್ಗಿ ಹಲ್ಲು ಬೂಟಿಗೆ ಕಚ್ಚುತ್ತದೆ. ಕೆಸರಿಗೆ ಇಳಿಯುವ ಮುಂಚೆ ರಬ್ಬರ್ ಕಿತ್ತು ಬ್ಯಾಗಿಗೆ ಹಾಕುತ್ತೇನೆ. ಹೆದ್ದಾರಿ ಜಾಸ್ತಿ ಇರುವವರು ಬೇರೆ ಯಾವುದನ್ನೂ ನೋಡಬೇಡಿ, ಇಂಥದ್ದನ್ನೇ ಹುಡುಕಿ.

ಲೋಹ

ಮೈಲ್ಡ್ ಸ್ಟೀಲ್ ಭಾರ, ಬಣ್ಣ ಹೋದ ಕಡೆ ತುಕ್ಕು ಹಿಡಿಯುತ್ತದೆ, ಆದರೆ ಬಾಗಿದರೆ ಬಡಿದು ನೆಟ್ಟಗೆ ಮಾಡಬಹುದು, ಬಿರುಕು ಬಿಟ್ಟರೆ ಯಾವ ಹೋಬಳಿಯಲ್ಲಾದರೂ ನೇಗಿಲು ವೆಲ್ಡ್ ಮಾಡುವವರ ಹತ್ತಿರ ಸರಿಮಾಡಿಸಬಹುದು. ಸ್ಟೇನ್‌ಲೆಸ್ ಸ್ಟೀಲ್ ಕರಾವಳಿಯವರಿಗೆ ಒಳ್ಳೆಯದು, ಉಪ್ಪುಗಾಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಅಲ್ಯೂಮಿನಿಯಂ ಹಗುರ, ಒಳ್ಳೆಯದಾದರೆ ಗಟ್ಟಿಯೂ ಹೌದು, ಆದರೆ ಹಲ್ಲು ಕಲ್ಲಿಗೆ ತಾಗಿ ಬೇಗ ಮೊಂಡಾಗುತ್ತದೆ, ಸ್ಟೀಲ್ ಪಿನ್ನು ತಿಕ್ಕಿ ತಿಕ್ಕಿ ತೂತು ಮೊಟ್ಟೆಯಾಕಾರ ಆಗುತ್ತದೆ. ಕೊಳ್ಳುವುದಾದರೆ ತೂತಿನಲ್ಲಿ ಬುಷ್ ಇರುವುದನ್ನೇ ಕೊಳ್ಳಿ. ಟೈಟಾನಿಯಂ ಬಗ್ಗೆ ನಾನೇನೂ ಹೇಳುವುದಿಲ್ಲ, ಪೆಗ್ ಮೇಲೆ ನೂರಿನ್ನೂರು ಗ್ರಾಂ ಉಳಿಸುವವನು ಮೊದಲು ತನ್ನ ಹೊಟ್ಟೆ ನೋಡಿಕೊಳ್ಳಲಿ. ನಾನೂ ಸೇರಿದಂತೆ.

ನಮ್ಮಲ್ಲಿ ಸಿಗುವ ಎಷ್ಟೋ ಪೆಗ್ಗುಗಳು ಲೇಸರಿನಲ್ಲಿ ಕತ್ತರಿಸಿದ ಸ್ಟೀಲ್ ಪ್ಲೇಟುಗಳನ್ನು ವೆಲ್ಡ್ ಮಾಡಿ ಜೋಡಿಸಿದಂಥವು. ಕೆಟ್ಟದ್ದೇನಲ್ಲ. ಮೇಲಿನ ಪಟ್ಟಿ ಬುಡಕ್ಕೆ ಸೇರುವ ಜಾಗದ ಫೋಟೋ ಕೇಳಿ. ವೆಲ್ಡಿಂಗ್ ಸಾಲಾಗಿ, ಸುತ್ತಲೂ ಎಲ್ಲೂ ಬಿಡದೆ ಬಂದಿರಬೇಕು. ಅಲ್ಲಲ್ಲಿ ಚುಕ್ಕಿ ಇಟ್ಟು ಮೇಲೆ ದಪ್ಪ ಪೇಂಟ್ ಬಳಿದಿದ್ದರೆ ಬೇಡ.

ಹಾಕುವುದು

ಒಂದು ಶನಿವಾರ ಸಂಜೆ ಸಾಕು. ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿ, ಇನ್ನೊಂದು ಕಡೆ ನೋಡಿಕೊಳ್ಳೋಕೆ ಇರಲಿ. ಬಿಚ್ಚುವ ಮುಂಚೆ ಸ್ಪ್ರಿಂಗಿನ ಎರಡು ಕಾಲು ಎಲ್ಲೆಲ್ಲಿ ಕೂತಿವೆ ಅಂತ ಫೋಟೋ ತೆಗೆದುಕೊಳ್ಳಿ. ಎಡ ಬಲದ ಸ್ಪ್ರಿಂಗ್ ಸಾಮಾನ್ಯವಾಗಿ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುತ್ತವೆ, ಕಲಸಿದರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ. ಪಿನ್ ಕಚ್ಚಿಕೊಂಡಿದ್ದರೆ ತುಕ್ಕಿನ ಸ್ಪ್ರೇ ಹೊಡೆದು ಚಹಾ ಕುಡಿದು ಬಂದು ಆಮೇಲೆ ಹಿತ್ತಾಳೆ ಕಡ್ಡಿ ಇಟ್ಟು ಬಡಿಯಿರಿ.

ಸ್ಪ್ರಿಂಗ್ ವಾಪಸ್ ಕೂರಿಸುವುದೇ ಕಷ್ಟದ ಕೆಲಸ. ನಾನು ಮಾಡುವುದು ಹೀಗೆ: ಸ್ಪ್ರಿಂಗನ್ನು ಪೆಗ್ಗಿನಲ್ಲಿ ಇಟ್ಟು, ಎರಡನ್ನೂ ಒಟ್ಟಿಗೆ ಕಿವಿಗಳ ನಡುವೆ ತಳ್ಳಿ, ಒಂದು ಕಡೆಯಿಂದ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ತೂತುಗಳನ್ನು ಒಂದೇ ಸಾಲಿಗೆ ತಂದು, ಇನ್ನೊಂದು ಕಡೆಯಿಂದ ಗ್ರೀಸ್ ಸವರಿದ ಪಿನ್ನನ್ನು ಒತ್ತುತ್ತಾ ಸ್ಕ್ರೂಡ್ರೈವರನ್ನು ಹೊರಗೆ ಬಿಡುತ್ತೇನೆ. ಮುಖ ದೂರ ಇಟ್ಟುಕೊಳ್ಳಿ, ಕನ್ನಡಕ ಹಾಕಿಕೊಳ್ಳಿ, ಆ ಸ್ಪ್ರಿಂಗ್ ಹಾರಿದರೆ ಪಕ್ಕದ ಮನೆಯಲ್ಲಿ ಹುಡುಕಬೇಕು. ಪಿನ್ ಓರೆಯಾಗಿ ಕೂರುವ ಗಾಡಿಯಾದರೆ ತಲೆ ಮೇಲಕ್ಕೆ ಬರುವ ಹಾಗೆ ಹಾಕಿ, ಸ್ಪ್ಲಿಟ್ ಪಿನ್ ಉದುರಿದರೂ ಪಿನ್ ಅಲ್ಲೇ ಇರುತ್ತದೆ. ಹಳೆಯ ಸ್ಪ್ಲಿಟ್ ಪಿನ್ ಮತ್ತೆ ಹಾಕಬೇಡಿ, ಒಂದು ಸಲ ಬಗ್ಗಿಸಿ ನೆಟ್ಟಗೆ ಮಾಡಿದ ತಂತಿ ಇನ್ನೊಂದು ಸಲಕ್ಕೆ ಮುರಿಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಈಗ ಇಪ್ಪತ್ತು ಸಲ ಮಡಚಿ ಬಿಡಿ. ಪ್ರತಿ ಸಲವೂ ಟಪ್ ಅಂತ ವಾಪಸ್ ಬರಬೇಕು. ಗಾಡಿ ನೆಟ್ಟಗೆ ಹಿಡಿಸಿ ಸ್ಟೀಲ್ ಸ್ಕೇಲನ್ನು ಪೆಗ್ಗಿನ ಹಲ್ಲುಗಳ ಮೇಲೆ ಉದ್ದಕ್ಕೆ ಇಟ್ಟು, ಅದರ ಮೇಲೆ ಮೊಬೈಲಿನ ಲೆವೆಲ್ ಆ್ಯಪ್ ತೆರೆದಿಟ್ಟು ನೋಡಿ. ಎರಡೂ ಕಡೆ ಸಮ ಇರಬೇಕು, ಇಲ್ಲಾ ಹೊರತುದಿ ಕೂದಲೆಳೆ ಮೇಲೆ ಇರಬೇಕು. ಕೆಳಗೆ ಇದ್ದರೆ ಅವತ್ತೇ ವಾಪಸ್ ಕಳಿಸಿ, ಓಡಿಸಿದ ಮೇಲೆ ಯಾರೂ ತೆಗೆದುಕೊಳ್ಳುವುದಿಲ್ಲ.

ಇಲ್ಲಿಗೆ ಮುಗಿಯಿತು ಅಂತ ಎಲ್ಲರೂ ಹೊರಟುಬಿಡುತ್ತಾರೆ. ಪೆಗ್ ಜಾಗ ಬದಲಾದರೆ ಗೇರ್ ಲಿವರ್, ಬ್ರೇಕ್ ಪೆಡಲ್ ಎರಡನ್ನೂ ಸರಿಮಾಡಬೇಕು. ಬೂಟು ಹಾಕಿಕೊಂಡು ಕೂತು, ಆಮೇಲೆ ನಿಂತು ನೋಡಿ. ಗೇರ್ ಲಿವರಿನ ಕೆಳಗೆ ಬೂಟು ತೂರದಿದ್ದರೆ ಲಿವರನ್ನು ಶಾಫ್ಟಿನಿಂದ ಕಳಚಿ ಒಂದು ಹಲ್ಲು ಮೇಲಕ್ಕೆ ಹಾಕಿ. ಬ್ರೇಕ್ ಪೆಡಲನ್ನು ಎತ್ತುವ ಇಳಿಸುವ ನಟ್ಟು ಮಾಸ್ಟರ್ ಸಿಲಿಂಡರಿನ ಕಡ್ಡಿಯಲ್ಲಿ ಇರುತ್ತದೆ, ಎಲ್ಲಿ ಅಂತ ನಿಮ್ಮ ಗಾಡಿಯ ಮ್ಯಾನುಯಲ್ ನೋಡಿ. ಪೆಡಲ್ ಎಲ್ಲಿಗೇ ತಂದರೂ ಬ್ರೇಕ್ ಹಿಡಿಯುವ ಮುಂಚೆ ಸ್ವಲ್ಪ ಖಾಲಿ ಆಟ ಉಳಿಯಲೇಬೇಕು. ಅದು ಉಳಿಯದಿದ್ದರೆ ಪ್ಯಾಡ್ ಡಿಸ್ಕಿಗೆ ಸದಾ ತಾಗಿಕೊಂಡು ಬಿಸಿಯಾಗಿ, ಘಾಟಿ ಇಳಿಯುವಾಗ ಹಿಂದಿನ ಚಕ್ರ ತಾನಾಗಿ ಹಿಡಿದುಕೊಳ್ಳುತ್ತದೆ. ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಸಲೀಸಾಗಿ ತಿರುಗಬೇಕು. ಬ್ರೇಕ್ ಲೈಟ್ ಯಾವಾಗ ಹೊತ್ತುತ್ತದೆ ಅಂತಲೂ ನೋಡಿ, ಪೆಡಲ್ ಎತ್ತರ ಬದಲಾದರೆ ಅದೂ ತಪ್ಪುತ್ತದೆ. ನಾನು ಒಂದು ವಾರ ಸದಾ ಹೊತ್ತಿಕೊಂಡ ಬ್ರೇಕ್ ಲೈಟಿನಲ್ಲಿ ಆಫೀಸಿಗೆ ಹೋಗಿದ್ದೇನೆ, ಹಿಂದೆ ಬರುವವರೆಲ್ಲ ಹಾರನ್ ಹೊಡೆಯುತ್ತಿದ್ದರು, ಯಾಕೆ ಅಂತಲೇ ಗೊತ್ತಾಗಲಿಲ್ಲ. ಬ್ರೇಕಿನ ಕೆಲಸ ನಿಮಗೆ ಧೈರ್ಯ ಇಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ಮಾಡಿಸಿ.

ಐವತ್ತು ಕಿಲೋಮೀಟರ್ ಆದ ಮೇಲೆ ಬ್ರಾಕೆಟ್ ಬೋಲ್ಟುಗಳನ್ನು ಒಂದು ಸಲ ಸ್ಪ್ಯಾನರ್ ಹಾಕಿ ನೋಡಿ. ಮಳೆಗಾಲದಲ್ಲಿ ಗಾಡಿ ತೊಳೆಯುವಾಗ ಪಿನ್ನಿನ ಸುತ್ತ ನೀರು ಬಿಟ್ಟು ಪೆಗ್ ಮಡಚಿ ಬಿಚ್ಚಿ ಮಾಡಿ, ಒಣಗಿದ ಮೇಲೆ ಒಂದು ತೊಟ್ಟು ಚೈನ್ ಸ್ಪ್ರೇ. ಹೊರಗೆ ಗ್ರೀಸ್ ಮೆತ್ತಬೇಡಿ, ಮಣ್ಣು ಅದಕ್ಕೇ ಕಾದಿರುತ್ತದೆ.

ಹಳೆಯ ಪೆಗ್ ಎಸೆಯಬೇಡಿ. ಪಿನ್, ಸ್ಪ್ರಿಂಗ್, ಎರಡು ಹೊಸ ಸ್ಪ್ಲಿಟ್ ಪಿನ್ ಸಮೇತ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಸ್ಯಾಡಲ್ ಬ್ಯಾಗಿನ ತಳದಲ್ಲಿ ಹಾಕಿಡಿ. ಡಿಸೆಂಬರಿನಲ್ಲಿ ಬಿಸಿಲೆ ಕಡೆ ಹೋದಾಗ ಜೊತೆಯಲ್ಲಿದ್ದವನ ಎಡ ಪೆಗ್ ಪಿನ್ ಸಮೇತ ಎಲ್ಲೋ ಉದುರಿಹೋಗಿತ್ತು. ನನ್ನ ಹಾಗೆಯೇ ಇನ್ನೊಂದು ಗಾಡಿ, ನನ್ನ ಹಳೆಯ ಪೆಗ್ ಸರಿಯಾಗಿ ಕೂತಿತು, ಅವನು ಅದರ ಮೇಲೆಯೇ ಬೆಂಗಳೂರಿಗೆ ಬಂದ. ಇನ್ನೂ ವಾಪಸ್ ಕೊಟ್ಟಿಲ್ಲ.